ಬಸಿರಿನ ಮೊದಲ ಮೂರು ತಿಂಗಳು

ಊರಿನಲ್ಲಿ ಬಸಿರೆಂಬುದು ಒಬ್ಬಳ ಚಿಂತೆಯಲ್ಲ. ಅದು ಮನೆಮಂದಿಯೆಲ್ಲರ ಚಿಂತೆ. ಒಗ್ಗರಣೆಯ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡಳೆಂದರೆ ಅತ್ತೆಗೆ ತಿಳಿಯಿತು. ಅತ್ತೆಗೆ ತಿಳಿದರೆ ಓಣಿಗೇ ತಿಳಿದಂತೆ. ಹೊಟ್ಟೆ ಹಿಡಿದುಕೊಂಡು ಕುಳಿತರೆ “ಇದು ಇರತಕ್ಕದ್ದೇ” ಎನ್ನುವವರು ಒಬ್ಬರು, “ಇದು ಸರಿಯಲ್ಲ, ಡಾಕ್ಟರರಿಗೆ ತೋರಿಸು” ಎನ್ನುವವರು ಇನ್ನೊಬ್ಬರು. ಆದರೆ ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ, ಗಂಡ ಏಳೂವರೆಯ ಗಾಡಿಗೆ ಹೊರಟುಹೋದ ಮೇಲೆ, ಒಬ್ಬಳೇ ಉಳಿದ ಹುಡುಗಿಗೆ ಹೀಗೆ ಹೇಳುವವರು ಯಾರು? ಈ ಸಲ ನಮ್ಮ ಸೋದರಿಯರೊಡನೆ ಇದನ್ನೇ ಮಾತಾಡಬೇಕೆಂದಿದ್ದೇವೆ.

ಕಾರಣವಿಲ್ಲದೆ ಈ ಮಾತೆತ್ತಿಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ಕಟ್ಟಡಕ್ಕೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಬಂದಿದ್ದಳು. ಮುಟ್ಟು ನಿಂತು ಮೂರು ವಾರವಾಗಿತ್ತು. ಹೊಟ್ಟೆಯ ಒಂದೇ ಮಗ್ಗುಲಲ್ಲಿ ನೋವು, ಅಷ್ಟಿಷ್ಟು ರಕ್ತದ ಕಲೆ. ವಾಯುವಿರಬೇಕೆಂದು ತಾನೇ ತೀರ್ಮಾನಿಸಿ ಅಜವಾನದ ನೀರು ಕುಡಿದಳು. ಮರುದಿನ ಬಚ್ಚಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಗರ್ಭ ನಿಂತದ್ದು ಗರ್ಭಕೋಶದಲ್ಲಲ್ಲ, ಅದರ ಪಕ್ಕದ ನಾಳದಲ್ಲಿ. ನಾಳ ಒಡೆದು ಒಳಗೇ ರಕ್ತ ಸೋರುತ್ತಿತ್ತು. ಆ ರಾತ್ರಿಯೇ ಶಸ್ತ್ರಕ್ರಿಯೆಯಾಗಿ ಹುಡುಗಿ ಉಳಿದಳು. “ಅಕ್ಕಾರ, ಇಷ್ಟಕ್ಕ ನಿಮ್ಮನ್ನ ಯಾಕ ಕಾಡೋದಂತ ಸುಮ್ಮನಿದ್ದೆ ರೀ” ಎಂದು ಆಮೇಲೆ ಹೇಳಿದಳು. ಗೋಡೆಯೊಂದರ ಆಚೆಗೇ ಇದ್ದ ನಮಗೆ ಆ ಮಾತು ಇಂದಿಗೂ ಚುಚ್ಚುತ್ತದೆ.

ಮೊದಲು ಸಹಜವಾದುವನ್ನು ಹೇಳೋಣ. ವಾಕರಿಕೆ ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ ತೊಡಗಿ, ಒಂಬತ್ತನೆಯ ವಾರದ ಹೊತ್ತಿಗೆ ಹೆಚ್ಚಾಗಿ, ಬಹುಮಂದಿಗೆ ನಾಲ್ಕನೆಯ ತಿಂಗಳಲ್ಲಿ ಇಳಿಯುತ್ತದೆ. ಹಾಸಿಗೆಯಿಂದ ಏಳುವ ಮೊದಲೇ ಒಂದು ಹಿಡಿ ಚುರುಮುರಿಯನ್ನೋ ಒಣ ರೊಟ್ಟಿಯ ಚೂರನ್ನೋ ಬಾಯಿಗೆ ಹಾಕಿಕೊಳ್ಳಬಹುದು. ಮೂರು ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ ಉಣ್ಣಬಹುದು. ಶುಂಠಿಯೂ ಹಲವರಿಗೆ ಹಿತ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಎದೆ ಬಿಗಿದು ನೋಯುವುದು, ಮಧ್ಯಾಹ್ನವೇ ನಿದ್ದೆ ಎಳೆಯುವುದು, ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಸೆಳೆತ, ಇವೂ ಇರತಕ್ಕವೇ. ಬಸಿರನ್ನು ಕಾಪಾಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕರುಳಿನ ಚಲನೆಯನ್ನೂ ನಿಧಾನಗೊಳಿಸುವುದರಿಂದ ಮಲಬದ್ಧತೆ, ಎದೆಯುರಿಗಳು ಬರುತ್ತವೆ. ಸೊಪ್ಪು, ಹಣ್ಣು, ಧಾರಾಳವಾಗಿ ನೀರು, ಉಂಡೊಡನೆ ಮಲಗದಿರುವುದು, ಇವು ಅದಕ್ಕೆ ಮದ್ದು. ಅಂಗಡಿಯವನನ್ನು ಕೇಳಿ ಗುಳಿಗೆ ನುಂಗುವುದು ಮಾತ್ರ ಬೇಡ.

ಇನ್ನು ಸಹಜವಲ್ಲದುವು: ರಕ್ತಸ್ರಾವ, ಒಂದೇ ಮಗ್ಗುಲಿನ ಬಲವಾದ ನೋವು, ಭುಜದ ತುದಿಯಲ್ಲಿ ನೋವು, ಮೂರ್ಛೆ, ಜ್ವರ, ಉರಿಮೂತ್ರ, ಗುಟುಕು ನೀರೂ ನಿಲ್ಲದಂಥ ವಾಂತಿ. ಇವುಗಳಲ್ಲಿ ಒಂದು ಕಂಡರೂ ಕಷಾಯಕ್ಕೆ ಒಲೆ ಹೊತ್ತಿಸಬಾರದು. ಸಂಜೆ ಗಂಡ ಬರಲೆಂದೂ ಕಾಯಬಾರದು. ನೆರೆಯವರನ್ನು ಕರೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮೊದಲ ತಿಂಗಳುಗಳಲ್ಲಿ ಗರ್ಭ ಎಲ್ಲಿ ನಿಂತಿದೆಯೆಂದು ಕಣ್ಣಿಗೆ ತೋರಿಸುವ ಸಾಧನವೇ ಊರಿನಲ್ಲಿ ‘ಸ್ಕ್ಯಾನಿಂಗ್’, ಮುಂಬಯಿ-ಪುಣೆಗಳಲ್ಲಿ ‘ಸೋನೋಗ್ರಫಿ’ ಎನ್ನಿಸಿಕೊಳ್ಳುವ ಪರೀಕ್ಷೆ. ಲೋಹದೊಳಗಿನ ಬಿರುಕನ್ನು ಶಬ್ದದ ಅಲೆಗಳಿಂದ ಪತ್ತೆಹಚ್ಚುವ ಕಾರ್ಖಾನೆಯ ಯಂತ್ರವನ್ನು ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡರು ಹೆಂಗಸರ ಹೊಟ್ಟೆಯ ಪರೀಕ್ಷೆಗೆ ಒಗ್ಗಿಸಿ, 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. ಇದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ನಮ್ಮ ಕಿವಿಗೆ ಕೇಳದ ಶಬ್ದದ ಪ್ರತಿಧ್ವನಿಯೇ ಚಿತ್ರವಾಗುತ್ತದೆ. ಹೊಟ್ಟೆಯ ಮೇಲಿನಿಂದ ನೋಡುವುದಾದರೆ ನೀರು ಕುಡಿದು ಮೂತ್ರಕೋಶ ತುಂಬಿರಬೇಕು. ಲೋಕಲ್ ಗಾಡಿಯಲ್ಲಿ ಹಾಗೆ ಕುಳಿತುಬರುವ ಕಷ್ಟವನ್ನು ನಾವೂ ಬಲ್ಲೆವು. ಅಲ್ಲಿಗೆ ಮುಟ್ಟಿದ ಮೇಲೆ ಕುಡಿದರೂ ಸಾಕು. ತೀರ ಎಳೆಯ ಬಸಿರನ್ನು ಯೋನಿಮಾರ್ಗದಿಂದ ನೋಡುವುದುಂಟು. ಅದರಿಂದ ಮಗುವಿಗೆ ಅಪಾಯವಿಲ್ಲ. ಐದನೆಯ ವಾರದಲ್ಲಿ ಗರ್ಭದ ಚೀಲವೂ ಆರರ ಸುಮಾರಿಗೆ ಎದೆಬಡಿತವೂ ಕಾಣಿಸುತ್ತವೆ. ಎದೆಬಡಿತ ಕಾಣಲಿಲ್ಲವೆಂದೊಡನೆ ಎದೆಗುಂದಬೇಕಿಲ್ಲ. ದಿನದ ಲೆಕ್ಕ ತಪ್ಪಿರಬಹುದು, ವಾರ-ಹತ್ತು ದಿನ ಬಿಟ್ಟು ಮತ್ತೆ ನೋಡುತ್ತಾರೆ.

ಈ ಮೊದಲ ಚಿತ್ರದಿಂದ ಇನ್ನೊಂದು ಉಪಕಾರವುಂಟು. ಪರಸ್ಥಳದಲ್ಲಿರುವ ನಮಗಂತೂ ಅದು ದೊಡ್ಡದು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನಗಳೆಂದು ಹೆರಿಗೆಯ ಲೆಕ್ಕ ಹಾಕುವುದು ವಾಡಿಕೆ. ಮುಟ್ಟು ಹಿಂದುಮುಂದಾಗುವವರಿಗೆ ಈ ಲೆಕ್ಕ ಸಾಲದು. ಮೊದಲ ಮೂರು ತಿಂಗಳಲ್ಲಿ ಶಿಶುವಿನ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ಅಳೆದರೆ ದಿನ ಒಂದು ವಾರದೊಳಗಿನ ಅಂತರದಲ್ಲಿ ಸರಿಯಾಗಿ ಸಿಗುತ್ತದೆ. ಕೊನೆಯ ಮೂರು ತಿಂಗಳಲ್ಲಿ ಅಳೆದರೆ ಎರಡು ಮೂರು ವಾರ ತಪ್ಪಬಹುದು. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತೌರಿಗೆ ಹೊರಡುವಾಗ ಹಸಿರು ಸೀರೆ, ಬಳೆಗಳ ಜೊತೆಗೆ ಆ ಹಳೆಯ ವರದಿಯನ್ನೂ ಪೆಟ್ಟಿಗೆಯಲ್ಲಿಡಿರಿ. ಹುಬ್ಬಳ್ಳಿಯ ಡಾಕ್ಟರರಿಗೆ ನಿಮ್ಮ ಮುಂಬಯಿಯ ತಿಂಗಳುಗಳ ಕಥೆಯನ್ನು ಹೇಳುವುದು ಆ ಕಾಗದವೇ.

ಸ್ಕ್ಯಾನಿಂಗ್ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. 1994ರ ಕಾಯಿದೆಯಂತೆ ಅದನ್ನು ತಿಳಿಸುವುದೂ ತಿಳಿಯಲು ಯತ್ನಿಸುವುದೂ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಮಗು ಸುಖವಾಗಿದೆಯೇ ಎಂಬುದಲ್ಲವೆ ಕೇಳತಕ್ಕ ಪ್ರಶ್ನೆ?

ಡಾಕ್ಟರರ ಸಲಹೆಯಂತೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೊದಲ ಹನ್ನೆರಡು ವಾರ ತೆಗೆದುಕೊಂಡರೆ ಮಗುವಿನ ಮಿದುಳು-ಬೆನ್ನುಹುರಿಗಳ ಕೆಲವು ದೋಷಗಳು ತಪ್ಪುತ್ತವೆ. ಖರ್ಚಿಗೆ ಹಿಂಜರಿಯುವವರು ಪ್ರತಿ ತಿಂಗಳ 9ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ಪರೀಕ್ಷೆ ನಡೆಸುವ ಯೋಜನೆ 2016ರಲ್ಲಿ ಆರಂಭವಾದುದನ್ನು ನೆನಪಿನಲ್ಲಿಡಬೇಕು.

ಆ ಧಾರವಾಡದ ಹುಡುಗಿ ಎರಡು ವರ್ಷಗಳ ಮೇಲೆ ಒಂದು ಮುಂಜಾನೆ ನಮ್ಮ ಬಾಗಿಲು ತಟ್ಟಿದಳು. “ಅಕ್ಕಾರ, ಈ ಸಲ ಮೊದಲ ನಿಮಗ ಹೇಳಾಕ ಬಂದೀನಿ” ಎಂದಳು. ಅಂದೇ ಡಾಕ್ಟರರ ಬಳಿಗೆ ಹೋದೆವು. ಆರನೆಯ ವಾರ ಮುಗಿದ ಮೇಲೆ ತೆರೆಯ ಮೇಲೆ ಮಿಣಮಿಣನೆ ಮಿಡಿಯುವ ಚುಕ್ಕೆಯೊಂದನ್ನು ತೋರಿಸಿದರು. ಇರಬೇಕಾದಲ್ಲಿಯೇ ಇತ್ತು. ಇಂದು ಆ ಚುಕ್ಕೆ ನಮ್ಮ ಜಗಲಿಯಲ್ಲಿ ಕುಂಟಾಬಿಲ್ಲೆ ಆಡುತ್ತದೆ.

ನಿಮ್ಮ ಕಟ್ಟಡದಲ್ಲಿಯೂ ಹೊಸದಾಗಿ ಬಂದ ಹುಡುಗಿಯೊಬ್ಬಳು ಇದ್ದಾಳು. ಅವಳು ಬಾಗಿಲು ತಟ್ಟಲೆಂದು ಕಾಯದೆ ನಾವೇ ಹೋಗಿ ವಿಚಾರಿಸೋಣ.