ನಾವು ಕೊಳ್ಳದ ಈರುಳ್ಳಿಗೆ ನಮ್ಮದೇ ತಡೆ

ಬೆಂಗಳೂರಿನ ಉತ್ತರಹಳ್ಳಿಯ ತಳ್ಳುಗಾಡಿಗಳಲ್ಲಿ ರಾಶಿ ಬೀಳುವುದು ದಪ್ಪ ಈರುಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬೆಂಗಳೂರು ಗುಲಾಬಿ ಈರುಳ್ಳಿ ಊರಿನ ಹೆಸರು ಹೊತ್ತಿದ್ದರೂ ಊರಿನ ಅಡುಗೆಮನೆಗೆ ಒಗ್ಗಿಲ್ಲ: ಗಾತ್ರ ಚಿಕ್ಕದು, ಘಾಟು ಜಾಸ್ತಿ. ಅದರ ಗಿರಾಕಿಗಳಿರುವುದು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾ, ಶ್ರೀಲಂಕಾದಲ್ಲಿ. ಇಂಥ ರಫ್ತಿಗೆ ಸುಂಕೇತರ ತಡೆ (ಸುಂಕವಲ್ಲದೆ ನಿಯಮಗಳ ಮೂಲಕ ಬೀಳುವ ಅಡ್ಡಿ) ಎಂದೊಡನೆ ನಾವು ಯುರೋಪಿನ ಕೀಟನಾಶಕ ಮಿತಿಯನ್ನೋ ಅಮೆರಿಕದ ಮಾವಿನ ತಪಾಸಣೆಯನ್ನೋ ನೆನೆದು, ಕೊಳ್ಳುವ ದೇಶವನ್ನು ಬೈಯುತ್ತೇವೆ. ಈ ಪುಟ್ಟ ಈರುಳ್ಳಿಯ ವಿಷಯದಲ್ಲಿ ಬೈಗುಳದ ವಿಳಾಸ ದೆಹಲಿ.

2019ರ ಸೆಪ್ಟೆಂಬರ್ 29ರಂದು ಕೇಂದ್ರ ಸರ್ಕಾರ ಎಲ್ಲ ಈರುಳ್ಳಿಯ ರಫ್ತನ್ನೂ ನಿಲ್ಲಿಸಿತು. ಅಕ್ಟೋಬರ್ 28ಕ್ಕೆ ಗುಲಾಬಿ ಈರುಳ್ಳಿಗೆ ಮಾತ್ರ ರಿಯಾಯಿತಿ ಬಂತು: 9,000 ಟನ್, ನವೆಂಬರ್ 30ರೊಳಗೆ, ಚೆನ್ನೈ ಬಂದರಿನಿಂದ ಮಾತ್ರ. 2020ರಲ್ಲೂ ಅದೇ ಕಥೆ. ಸೆಪ್ಟೆಂಬರ್ 14ಕ್ಕೆ ನಿಷೇಧ, ಅಕ್ಟೋಬರ್ 9ಕ್ಕೆ 10,000 ಟನ್ನಿಗೆ ಅನುಮತಿ. ಮತ್ತೆ ಚೆನ್ನೈ, ಜೊತೆಗೆ ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ. ಇಲ್ಲಿ ಒಂದು ರೂಪಾಯಿ ಸುಂಕವೂ ಇಲ್ಲ. ಆದರೂ ಸುಂಕಕ್ಕಿಂತ ಇದೇ ಹೆಚ್ಚು ಹೊಡೆತ ಎಂಬುದು ನನ್ನ ವಾದ. ಸುಂಕವನ್ನು ವ್ಯಾಪಾರಿ ಲೆಕ್ಕ ಹಾಕಿ ಬೆಲೆಗೆ ಸೇರಿಸಬಹುದು. ನಾಳೆ ಅನುಮತಿ ಸಿಗುತ್ತದೋ ಇಲ್ಲವೋ ಎಂಬುದನ್ನು ಯಾವ ಬೆಲೆಗೆ ಸೇರಿಸುವುದು? ಹೊಲದಲ್ಲಿ ಕಿತ್ತ ಗೆಡ್ಡೆ ಅಧಿಸೂಚನೆಗಾಗಿ ಕಾಯುವುದಿಲ್ಲ. ಕೌಲಾಲಂಪುರದ ಸಗಟು ವ್ಯಾಪಾರಿಯೂ ಕಾಯುವುದಿಲ್ಲ.

ಮೊದಲು ದೇಶದ ಹೊಟ್ಟೆ, ಆಮೇಲೆ ರಫ್ತು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ವಿಶ್ವ ವ್ಯಾಪಾರ ಸಂಘಟನೆಯ ಬುನಾದಿಯಾದ ಗ್ಯಾಟ್ ಒಪ್ಪಂದದ 11ನೇ ವಿಧಿಯೂ ಪ್ರಮಾಣ ಮಿತಿಗಳನ್ನು ನಿಷೇಧಿಸುತ್ತಲೇ, ಆಹಾರದ ತೀವ್ರ ಕೊರತೆ ತಪ್ಪಿಸಲು ತಾತ್ಕಾಲಿಕ ರಫ್ತು ತಡೆಗೆ ಅವಕಾಶ ಕೊಡುತ್ತದೆ. ಆದರೆ ಅದು ರಫ್ತು ಮಾಡುವ ದೇಶಕ್ಕೆ ಅತ್ಯಗತ್ಯವಾದ ಸರಕಿಗೆ. ನಮ್ಮವರು ಕೊಳ್ಳದ ಗೆಡ್ಡೆಯನ್ನು ಕಟ್ಟಿಹಾಕಿದರೆ ದಪ್ಪ ಈರುಳ್ಳಿಯ ಬೆಲೆ ಇಳಿಯುವುದು ಹೇಗೆ? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಗುಲಾಬಿಯ ಹೆಸರಿನಲ್ಲಿ ಬೇರೆ ಈರುಳ್ಳಿ ಹಡಗು ಹತ್ತಿದರೆ? ನಿಜ, ಅದಕ್ಕಾಗಿ ಪ್ರಮಾಣಪತ್ರ ಕೇಳಲಿ. ಆಯುಕ್ತರು ತಳಿ, ತೂಕ ಎರಡನ್ನೂ ದೃಢೀಕರಿಸಿದ ಮೇಲೆ ಟನ್ನಿನ ಮಿತಿ ಏಕೆ, ಒಂದೇ ಬಂದರು ಏಕೆ ಎಂಬುದಕ್ಕೆ ಮಾತ್ರ ಸಮಾಧಾನಕರ ಉತ್ತರ ಕಾಣದು.

ಸರ್ಕಾರಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ ಎನ್ನುವಂತೆಯೂ ಇಲ್ಲ. 2023ರ ಆಗಸ್ಟ್ 19ಕ್ಕೆ ಶೇ 40 ರಫ್ತು ಸುಂಕ ಹೇರಿ, ಸೆಪ್ಟೆಂಬರ್ 29ಕ್ಕೆ ಇದೇ ಪ್ರಮಾಣಪತ್ರದ ಷರತ್ತಿನ ಮೇಲೆ ಗುಲಾಬಿಗೆ ವಿನಾಯಿತಿ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ರಫ್ತು ಬೆಲೆ ನಿಗದಿಪಡಿಸಿದಾಗ ಆದೇಶದಲ್ಲೇ ಇದನ್ನು ಹೊರಗಿಟ್ಟಿತ್ತು. ಮನಸ್ಸು ಮಾಡಿದರೆ ಒಂದು ಸಾಲಿನ ಕೆಲಸ. 2024ರ ಮೇ 4ಕ್ಕೆ ಶೇ 40ರ ಸುಂಕ ಮತ್ತೆ ಬಂದಾಗ ಆ ಸಾಲು ಇರಲಿಲ್ಲ. ಅದು ಬಂದದ್ದು ಮೇ 29ಕ್ಕೆ.