ಈಜುವವರ ಜಾಲಪಾದ

ಹಂಸ, ಬಾತುಕೋಳಿ ಮೊದಲಾದ ನೀರುಹಕ್ಕಿಗಳ ಕಾಲ್ಬೆರಳುಗಳ ನಡುವೆ ಚರ್ಮವು ಬಲೆಯಂತೆ ಹಬ್ಬಿರುವುದನ್ನು ವಾಚಕರು ನೋಡಿರಬಹುದು. ಇದರಿಂದಲೇ ಸಂಸ್ಕೃತದಲ್ಲಿ ಇಂಥ ಹಕ್ಕಿಗಳಿಗೆ ಜಾಲಪಾದಗಳೆಂಬ ಹೆಸರು ಬಂದಿತು. ಸೃಷ್ಟಿಕರ್ತನು ಮನುಷ್ಯನಿಗೆ ಈ ಅನುಕೂಲವನ್ನು ಕೊಡಲಿಲ್ಲ, ಬುದ್ಧಿಯನ್ನು ಕೊಟ್ಟನು. ಆ ಬುದ್ಧಿಬಲದಿಂದ ಮನುಷ್ಯನು ತನಗಾಗಿ ಮಾಡಿಕೊಂಡ ಜಾಲಪಾದಗಳೇ ಈಗ ಈಜುಕೊಳಗಳಲ್ಲಿ 'ಫಿನ್ಸ್' ಎಂಬ ಹೆಸರಿನಿಂದ ಬಳಕೆಯಲ್ಲಿರುವುವು. ಮಕ್ಕಳನ್ನು ಈಜಿನ ತರಗತಿಗೆ ಕಳುಹಿಸುವ ಗೃಹಸ್ಥರಿಗೆ ಇವನ್ನು ಕೊಳ್ಳುವ ಪ್ರಸಂಗವು ಒಂದಲ್ಲ ಒಂದು ದಿನ ಒದಗುವುದುಂಟು. ನಾವೂ ಕೊಂಡೆವು, ತಪ್ಪಾಗಿ ಕೊಂಡೆವು. ಆ ತಪ್ಪನ್ನು ಮುಚ್ಚಿಡದೆ ಹೇಳಿದರೆ ನಾಲ್ವರಿಗೆ ಉಪಯೋಗವಾದೀತೆಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಈಜು ಕಲಿತದ್ದು ಹಳ್ಳಿಯ ತೋಟದ ಬಾವಿಯಲ್ಲಿ. ಸೋದರಮಾವನವರು ನಮ್ಮ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿ ನೀರಿಗೆ ಇಳಿಸಿದರು. ಕೆಲವು ದಿನಗಳ ಮೇಲೆ ಬುರುಡೆಯನ್ನು ಬಿಚ್ಚಿಟ್ಟು, "ಇನ್ನು ನಿನ್ನ ಕೈಕಾಲುಗಳೇ ನಿನಗೆ ಬುರುಡೆ" ಎಂದರು. ಇದರ ಹೊರತು ಈಜಿಗೆ ಬೇರೆ ಸಲಕರಣೆಯುಂಟೆಂಬುದು ನಮಗೆ ಬಹುಕಾಲ ತಿಳಿದಿರಲಿಲ್ಲ.

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ ನಡೆಯುತ್ತಿದ್ದಾಗ ಅವಳ ತರಬೇತಿಗಾರರು, ಕಾಲಿನ ಅಭ್ಯಾಸಕ್ಕೆಂದು ಹಗುರವಾದ ಗಿಡ್ಡ ಫಿನ್ಸ್ ಒಂದು ಜೊತೆ ತರಬೇಕೆಂದು ಹೇಳಿಕಳುಹಿಸಿದರು. ನಾವು ಅಂಗಡಿಗೆ ಹೋದೆವು. ಅಂಗಡಿಯವನು ಮಾರುದ್ದದ ಗಟ್ಟಿ ರಬ್ಬರಿನ ಜೊತೆಯೊಂದನ್ನು ಮುಂದಿಟ್ಟು, ಉದ್ದವಿದ್ದಷ್ಟೂ ವೇಗವೆಂದನು. ನಾವೂ, ಬೆಳೆಯುವ ಮಗುವಲ್ಲವೇ ಎಂದು ಶಾಲೆಯ ಬೂಡ್ಸುಗಳನ್ನು ಕೊಳ್ಳುವ ಹಳೆಯ ಪದ್ಧತಿಯಂತೆಯೇ ಎರಡು ನಂಬರು ದೊಡ್ಡದನ್ನು ಆರಿಸಿದೆವು. ಎರಡು ವರ್ಷಕ್ಕೆ ಚಿಂತೆಯಿಲ್ಲವೆಂದು ಮನಸ್ಸಿನಲ್ಲಿಯೇ ಹಿಗ್ಗಿದೆವು.

ಮೊದಲನೆಯ ದಿನವೇ ಮಗುವಿನ ಹಿಮ್ಮಡಿಯಲ್ಲಿ ಬೊಬ್ಬೆಗಳೆದ್ದುವು. ಎರಡನೆಯ ದಿನ ಮೀನಖಂಡ ಹಿಡಿದುಕೊಂಡಿತು. ಮೂರನೆಯ ದಿನ ಅವಳು, ಬರಿಗಾಲಿನಲ್ಲಿ ಎಂದೂ ಹೋಗದಿದ್ದ ಆಳದ ಕಡೆಗೆ, ಹೊಸ ವೇಗದ ಹುಮ್ಮಸ್ಸಿನಲ್ಲಿ ಹೋಗಿಬಿಟ್ಟಳು. ಅಲ್ಲಿ ಒಂದು ಕಾಲಿನದು ಜಾರಿಹೋಯಿತು. ಒಂದು ಕಾಲು ಬಲವಾಗಿ ಒದೆಯುತ್ತ ಇನ್ನೊಂದು ಬರಿದಾಗಿರಲು, ಮಗುವು ದಿಕ್ಕುಗೆಟ್ಟು ನೀರು ಕುಡಿಯಿತು. ತರಬೇತಿಗಾರರು ಕೂಡಲೇ ಧುಮುಕಿ ಎತ್ತಿ ತಂದರು. ದಡದಲ್ಲಿ ಬೆಂಚಿನ ಮೇಲೆ ಕುಳಿತಿದ್ದ ನಮಗೆ ಏಳುವುದಕ್ಕೂ ಕಾಲು ಬಾರದಾಯಿತು. "ಮೇಷ್ಟ್ರೇ, ಮಗುವಿನ ತಪ್ಪೇನೂ ಇಲ್ಲ, ಇವು ಸಮುದ್ರದಲ್ಲಿ ಮುಳುಗುವವರ ಫಿನ್ಸ್, ಸಾಲದ್ದಕ್ಕೆ ಇವಳ ಕಾಲಿನ ಅಳತೆಯವೂ ಅಲ್ಲ" ಎಂದು ಅವರು ಸಮಾಧಾನದಿಂದಲೇ ಹೇಳಿದರು. ಆ ಮೇಲೆ ಒಂದು ತಿಂಗಳು ಮಗುವು ಕೊಳದ ಹೆಸರೆತ್ತಿದರೆ ಅಜ್ಜಿಯ ಸೆರಗಿನಲ್ಲಿ ಅಡಗುತ್ತಿದ್ದಿತು. ಆ ತಿಂಗಳಿನಲ್ಲಿ, ಕೊಳ್ಳುವ ಮೊದಲೇ ತಿಳಿಯಬೇಕಾಗಿದ್ದುದನ್ನು ನಾವು ವಿಚಾರಿಸಿ, ಓದಿ ತಿಳಿದುಕೊಂಡೆವು.

ಈ ಸಾಧನದ ಇತಿಹಾಸವು ಸ್ವಾರಸ್ಯವಾಗಿದೆ. ಅಮೆರಿಕದ ಪ್ರಸಿದ್ಧ ವಿಜ್ಞಾನಿಯೂ ರಾಜಕಾರಣಿಯೂ ಆದ ಬೆಂಜಮಿನ್ ಫ್ರಾಂಕ್ಲಿನ್ (ಜನನ 1706) ಬಾಲ್ಯದಲ್ಲಿ ಸುಮಾರು 10 ಅಂಗುಲ ಉದ್ದ, 6 ಅಂಗುಲ ಅಗಲದ ಎರಡು ಮರದ ಹಲಗೆಗಳನ್ನು ಮಾಡಿ ಕೈಗಳಲ್ಲಿ ಹಿಡಿದು ಈಜಿದನು. ಅಂಗಾಲುಗಳಿಗೂ ಪಾದುಕೆಗಳಂಥವನ್ನು ಕಟ್ಟಿಕೊಂಡು ನೋಡಿದನು. ಆದರೆ ಅವು ಅವನಿಗೆ ತೃಪ್ತಿಯನ್ನು ಕೊಡಲಿಲ್ಲ. ಈಜಿನ ಒದೆತವು ಒಂದಂಶ ಪಾದದ ಒಳಮಗ್ಗುಲಿನಿಂದಲೂ ಪಾದದ ಕೀಲಿನಿಂದಲೂ ಆಗುವುದೆಂಬ ಕಾರಣವನ್ನು ಅವನೇ ಬರೆದಿಟ್ಟಿದ್ದಾನೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು; ಮುಂದೆ ಪ್ರಯೋಜನಕ್ಕೆ ಬರುವುದು. ಫ್ರೆಂಚ್ ನೌಕಾಧಿಕಾರಿಯಾಗಿದ್ದ ಲೂಯಿ ದ ಕೊರ್ಲಿಯೋ ಎಂಬವರು 1933ರಲ್ಲಿ ರಬ್ಬರಿನ ಫಿನ್ಸ್‌ಗೆ ಹಕ್ಕುಪತ್ರವನ್ನು ಪಡೆದರು. 1932ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿಯ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದ್ದ ಓವೆನ್ ಚರ್ಚಿಲ್ ಎಂಬ ಅಮೆರಿಕನ್ನರು 1940ರಲ್ಲಿ ಅವನ್ನು ತಮ್ಮ ದೇಶದಲ್ಲಿ ಮಾರಾಟಕ್ಕೆ ತಂದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಗಳವರೂ ಬಳಸಿದರು.

ಇನ್ನು ಇದರ ಮರ್ಮವನ್ನು ನೋಡೋಣ. ಹರಿಗೋಲಿನವನು ಅಗಲವಾದ ಹುಟ್ಟಿನ ಬದಲು ಬರಿಯ ಕೋಲಿನಿಂದ ನೀರನ್ನು ತಳ್ಳಿದರೆ ಎಷ್ಟು ಬಡಿದರೂ ಹರಿಗೋಲು ಮುಂದೆ ಹೋಗದು. ಅಗಲವಾದ ಹುಟ್ಟು ಹೆಚ್ಚು ನೀರನ್ನು ನಿಧಾನವಾಗಿ ತಳ್ಳುವುದು; ಅದರಿಂದ ಶಕ್ತಿಯು ವ್ಯರ್ಥವಾಗುವುದು ಕಡಮೆ. ಮನುಷ್ಯನ ಪಾದವು ನೀರಿನಲ್ಲಿ ಕೋಲಿನಂತೆ, ಫಿನ್ಸ್ ಹುಟ್ಟಿನಂತೆ. ಅಷ್ಟೇ ಅಲ್ಲ. ಹೊಸಬರು ಸೈಕಲ್ ತುಳಿಯುವವರಂತೆ ಮಂಡಿಯನ್ನು ಮಡಿಸಿ ಒದೆಯುವರು. ಪಾದವನ್ನು ನೆಲದ ಮೇಲಿರುವಂತೆಯೇ ನಿಲ್ಲಿಸಿಕೊಂಡಿರುವರು. ಫಿನ್ಸ್ ತೊಟ್ಟಾಗ ನೀರಿನ ಒತ್ತಡವೇ ಪಾದವನ್ನು ಹಿಂದಕ್ಕೆ ನೀಳವಾಗಿ ಚಾಚಿಸುವುದು. ಒದೆತವು ಸೊಂಟದಿಂದ ಹೊರಡಬೇಕೆಂಬುದು ಕಾಲಿಗೇ ಅರಿವಾಗುವುದು. ಈ ಪಾಠವೇ ಕೊಳದ ಅಭ್ಯಾಸದಲ್ಲಿ ಫಿನ್ಸ್‌ನ ಮುಖ್ಯ ಪ್ರಯೋಜನ. ವೇಗವು ಆನುಷಂಗಿಕ. ಈ ಭೇದವನ್ನು ಅರಿತವರಿಗೆ ಆಯ್ಕೆಯು ಕಷ್ಟವಲ್ಲ.

ಮೊದಲನೆಯದಾಗಿ ಉದ್ದ. ಬೆರಳುಗಳಿಂದ ಮುಂದಕ್ಕೆ ಚಾಚಿರುವ ಭಾಗವನ್ನು ರೆಕ್ಕೆಯೆಂದು ಕರೆಯೋಣ. ಉದ್ದ ರೆಕ್ಕೆಯು ಒದೆತವನ್ನು ನಿಧಾನಗೊಳಿಸಿ, ಮೀನಖಂಡಕ್ಕೂ ಪಾದದ ಕೀಲಿಗೂ ಹೆಚ್ಚಿನ ಭಾರವನ್ನು ಹೊರಿಸುವುದು. ಗಿಡ್ಡ ರೆಕ್ಕೆಯಲ್ಲಾದರೋ ಬರಿಗಾಲಿನ ಲಯಕ್ಕೆ ಸಮೀಪವಾದ ಲಯವು ಉಳಿಯುವುದು. ಆದಕಾರಣ ಕೊಳದ ಅಭ್ಯಾಸಕ್ಕೆ ಗಿಡ್ಡ ರೆಕ್ಕೆಯೇ ಯೋಗ್ಯ.

ಎರಡನೆಯದಾಗಿ ವಸ್ತು. ರಬ್ಬರು ಬಹುಕಾಲ ಬಾಳುವುದು, ಆದರೆ ತೂಕ ಹೆಚ್ಚು. ಸಿಲಿಕೋನು ಮೃದು, ಚರ್ಮಕ್ಕೆ ಹಿತ. ಬೆಲೆ ಸಾಮಾನ್ಯವಾಗಿ ಹೆಚ್ಚು. ಇವಿಎ ಎಂಬ ನೊರೆಯಂಥ ವಸ್ತುವಿನಿಂದ ಮಾಡಿದುವು ಬಹಳ ಹಗುರ. ನೀರಿನ ಮೇಲೆ ತೇಲುವುವು. ಮಕ್ಕಳಿಗೂ ವಯಸ್ಸಾದವರಿಗೂ ಇವು ಆಯಾಸವನ್ನು ಕೊಡುವುದಿಲ್ಲ. ಜಾರಿದರೂ ತಳಕ್ಕೆ ಹೋಗುವುದಿಲ್ಲ. ರೆಕ್ಕೆಯನ್ನು ಎರಡು ಕೈಗಳಿಂದಲೂ ಹಿಡಿದು ಬಗ್ಗಿಸಿ ನೋಡತಕ್ಕದ್ದು. ಸುಲಭವಾಗಿ ಬಾಗಿ, ಬಿಟ್ಟೊಡನೆ ಮೊದಲಿನಂತಾದರೆ ಒಳ್ಳೆಯದು. ಹಲಗೆಯಂತೆ ಬಾಗದಿದ್ದರೆ ಕಲಿಯುವವರಿಗೆ ಬೇಡ.

ಮೂರನೆಯದು ಅಳತೆ, ನಾವು ಎಡವಿದ್ದು ಇಲ್ಲಿಯೇ. ಕೊಳ್ಳುವಾಗ ತೊಡುವವರೇ ಅಂಗಡಿಗೆ ಬರಬೇಕು. ಸಂಜೆಯ ವೇಳೆಗೆ ಪಾದವು ಕೊಂಚ ಊದಿಕೊಳ್ಳುವುದರಿಂದ ಆಗ ಅಳತೆ ನೋಡುವುದು ಉತ್ತಮ. ಎರಡು ಪಾದಗಳೂ ಒಂದೇ ಸಮನಾಗಿರಬೇಕೆಂಬ ನಿಯಮವಿಲ್ಲ. ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಬೇಕು. ಒಬ್ಬ ತಯಾರಕನ ನಂಬರಿಗೂ ಇನ್ನೊಬ್ಬನ ನಂಬರಿಗೂ ವ್ಯತ್ಯಾಸವಿರುವುದರಿಂದ ನಂಬರನ್ನಷ್ಟೇ ನಂಬಲಾಗದು. ತೊಟ್ಟು ಕುಳಿತು, ಕಾಲನ್ನು ಗಾಳಿಯಲ್ಲಿ ಆಡಿಸಿ ನೋಡಬೇಕು. ಹಿಮ್ಮಡಿ ಮೇಲೆದ್ದರೆ ಸಡಿಲ. ಬೆರಳುಗಳು ಮುದುಡಿದರೆ ಅಥವಾ ಮರಗಟ್ಟಿದರೆ ಬಿಗಿ. ಅಂಗೈಯಿಂದ ಹಿಡಿದಂತೆ ಎಲ್ಲ ಕಡೆಯೂ ಸಮನಾಗಿ ಹಿಡಿದಿರಬೇಕು. ಎರಡು ಅಳತೆಗಳ ನಡುವಿನ ಪಾದವಾದರೆ ತೆಳುವಾದ ಕಾಲುಚೀಲದೊಡನೆ ದೊಡ್ಡದನ್ನು ತೊಟ್ಟು ನೋಡಬಹುದು. ಕಾಲುಚೀಲವು ಬೊಬ್ಬೆಗಳನ್ನೂ ತಪ್ಪಿಸುವುದು. ಬೆಳೆಯುವ ಮಕ್ಕಳಿಗೆ ಹಿಮ್ಮಡಿಯ ಪಟ್ಟಿಯನ್ನು ಬಿಗಿಮಾಡುವ ಜಾತಿಯವೂ ದೊರೆಯುತ್ತವೆ. ಮಿತವ್ಯಯವನ್ನು ಸಾಧಿಸಬೇಕಾದವರು ಅದರಲ್ಲಿ ಸಾಧಿಸಲಿ, ಸಡಿಲವಾದುದರಲ್ಲಿ ಬೇಡ.

ಬಳಸುವ ಕ್ರಮದಲ್ಲಿಯೂ ಎಚ್ಚರಿಕೆ ಬೇಕು. ಕೊಳದ ಅಂಚಿನಲ್ಲಿ ಕುಳಿತು, ಕಾಲನ್ನೂ ಫಿನ್ಸನ್ನೂ ಒದ್ದೆಮಾಡಿಕೊಂಡು ತೊಡಬೇಕು. ತೊಟ್ಟು ದಡದ ಮೇಲೆ ನಡೆಯುವವರು ಮುಗ್ಗರಿಸುವರು. ಮೊದಲ ದಿನಗಳಲ್ಲಿ ಹತ್ತು ನಿಮಿಷ ಸಾಕು. ಮೀನಖಂಡ ಹಿಡಿದರೆ ಕೂಡಲೇ ಬಿಚ್ಚಿ ವಿಶ್ರಮಿಸಬೇಕು. ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬಟರ್‌ಫ್ಲೈಗಳಿಗೆ ಇವು ಸಲ್ಲುವುವು. ಕಪ್ಪೆಯಂತೆ ಪಾದವನ್ನು ಹೊರಕ್ಕೆ ತಿರುಗಿಸಿ ಒದೆಯುವ ಬ್ರೆಸ್ಟ್‌ಸ್ಟ್ರೋಕಿಗೆ ಸಾಮಾನ್ಯ ಫಿನ್ಸ್ ಸಲ್ಲವು, ಮಂಡಿಗೆ ನೋವಾದೀತು. ಫ್ರಾಂಕ್ಲಿನ್ನನ ಪಾದುಕೆಗಳು ಏಕೆ ಸೋತುವೆಂಬುದು ಈಗ ವಾಚಕರಿಗೆ ಹೊಳೆದಿರಬಹುದು. ಅಭ್ಯಾಸ ಮುಗಿದ ಮೇಲೆ ಕೊಳದ ಕ್ಲೋರಿನ್ ಹೋಗುವಂತೆ ಒಳ್ಳೆಯ ನೀರಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಬಿಸಿಲಿನಲ್ಲಿಯೂ ಮುಚ್ಚಿದ ಕಾರಿನಲ್ಲಿಯೂ ಬಿಟ್ಟರೆ ರೆಕ್ಕೆಯು ಸೊಟ್ಟಗಾಗುವುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬರಿಗಾಲಿನಲ್ಲಿ ಈಜಿ ದಾಟಲಾರದ ನೀರಿಗೆ ಫಿನ್ಸ್ ತೊಟ್ಟು ಹೋಗಕೂಡದು. ಈಜಿನ ಸ್ಪರ್ಧೆಗಳಲ್ಲಿಯೂ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಅಕ್ವಾಟಿಕ್ಸ್‌ನ ನಿಯಮದಂತೆ ಇವಕ್ಕೆ ಅವಕಾಶವಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಅವರೂ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಈಜಿದ ಅದೇ ಊರಿನ ಧಿನಿಧಿ ದೇಸಿಂಗು ಅವರೂ ನೀರಿಗೆ ಧುಮುಕಿದ್ದು ಬರಿಗಾಲಿನಿಂದಲೇ. ಸೋರೆಬುರುಡೆಯಂತೆ ಇದೂ ಒಂದು ದಿನ ಬಿಚ್ಚಿಡತಕ್ಕ ವಸ್ತು.

ನಮ್ಮ ಮೊಮ್ಮಗಳ ವಿಚಾರವನ್ನು ಹೇಳಿ ಮುಗಿಸುವೆವು. ಒಂದು ತಿಂಗಳಾದ ಮೇಲೆ ಅವಳನ್ನೇ ಕರೆದುಕೊಂಡು ಹೋಗಿ, ಅವಳ ಕಾಲಿಗೆ ಸರಿಯಾದ ಹಗುರವಾದ ಗಿಡ್ಡ ಜೊತೆಯೊಂದನ್ನು ತಂದೆವು. "ತಾತ, ಇದು ಬಿದ್ದುಹೋಗುವುದಿಲ್ಲವಷ್ಟೆ?" ಎಂದು ಕೇಳಿದಳು. "ನೀನೇ ಕಾಲು ಆಡಿಸಿ ನೋಡಮ್ಮ" ಎಂದೆವು. ಬಹಳ ಹೊತ್ತು ಆಡಿಸಿ ನೋಡಿದಳು. ಮೊದಲು ಮೆಟ್ಟಿಲಿನ ಬಳಿ, ಆ ಮೇಲೆ ಎದೆಮಟ್ಟದ ನೀರಿನಲ್ಲಿ, ಹೀಗೆ ಎರಡು ತಿಂಗಳು ನಡೆಯಿತು. ಒಂದು ಬೆಳಿಗ್ಗೆ ತರಬೇತಿಗಾರರು ಅವುಗಳನ್ನು ಬಿಚ್ಚಿಸಿ, ಬದಿಯಲ್ಲಿಯೇ ತಾವೂ ಈಜುತ್ತ, ಅವಳನ್ನು 25 ಮೀಟರಿನ ಕೊಳದ ಉದ್ದಕ್ಕೂ ಕರೆದೊಯ್ದರು. ಆಳದ ತುದಿಯನ್ನು ಮುಟ್ಟಿ ತಲೆಯೆತ್ತಿದ ಮಗುವು ಮೊದಲು ನೋಡಿದ್ದು ನಮ್ಮ ಬೆಂಚಿನ ಕಡೆಗೆ. ನಾವು ಎದ್ದು ನಿಂತಿದ್ದೆವು. ಆ ಫಿನ್ಸ್ ಜೊತೆಯು ನಮ್ಮ ಪಕ್ಕದಲ್ಲಿ, ಒದ್ದೆಯಾಗಿ, ಬೆಂಚಿನ ಮೇಲಿದ್ದಿತು.