ನೀಲಲೋಹಿತಾತೀತ ಕಿರಣಗಳಿಂದ ಕೆಟ್ಟ ಡಿಎನ್‌ಎಯನ್ನು ಕಿಣ್ವಗಳು ಗುರುತಿಸಿ ಸರಿಪಡಿಸುವ ಬಗೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುವದು ನಾಡಿಗೆಲ್ಲ ವಿದಿತವಾದ ಸಂಗತಿ. ಧ್ವಜದ ಬಣ್ಣ ಎಷ್ಟೇ ಗಟ್ಟಿಯಾಗಿರಲಿ, ಬಿಸಿಲಿನಲ್ಲಿ ಹಾರುವ ಬಟ್ಟೆ ಎಂದಾದರೊಂದು ದಿನ ಮಾಸಲೇಬೇಕು. ಕೆಟ್ಟುದನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದೇ ಬಿಸಿಲಿನಲ್ಲಿ ದುಡಿಯುವ ಮನುಷ್ಯನ ಚರ್ಮಕ್ಕೆ ಆ ಶಕ್ತಿಯುಂಟು. ಅದರ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವೆವು.

ಸೂರ್ಯನ ನೀಲಲೋಹಿತಾತೀತ ಕಿರಣಗಳಲ್ಲಿ ಅತಿ ಗಿಡ್ಡ ತರಂಗಗಳನ್ನು ಓಝೋನ್ ಪದರವು ತಡೆಯುವದು. 280ರಿಂದ 315 ನ್ಯಾನೊಮೀಟರ್ ಅಳತೆಯವುಗಳಲ್ಲಿ ಒಂದಂಶ ಮಾತ್ರ ನೆಲವನ್ನು ಮುಟ್ಟುವದು. ಡಿಎನ್‌ಎಯ ಒಂದೇ ಎಳೆಯಲ್ಲಿ ಎರಡು ಥೈಮಿನ್‌ಗಳು ನೆರೆಹೊರೆಯಾಗಿದ್ದರೆ, ಈ ಕಿರಣಗಳ ಶಕ್ತಿಯಿಂದ ಅವು ಒಂದಕ್ಕೊಂದು ಬೆಸೆದುಕೊಳ್ಳುವ ಸಂಭವವುಂಟು. ಇದಕ್ಕೆ ಡೈಮರ್ ಎಂದು ಹೆಸರು. ಡಿಎನ್‌ಎಯನ್ನು ನಕಲು ಮಾಡುವ ಕಿಣ್ವವು ಇಲ್ಲಿ ತಡೆಯುವದು, ಇಲ್ಲವೆ ತಪ್ಪು ಅಕ್ಷರವನ್ನು ಸೇರಿಸುವದು. ಅರ್ಬುದ ರೋಗದ ಬೀಜವು ಇಂಥ ತಪ್ಪುಗಳಲ್ಲಿಯೇ ಅಡಗಿರುವದು.

ದುರಸ್ತಿಯ ಮೊದಲ ಸುಳಿವು 1949ರಲ್ಲಿ ದೊರೆಯಿತು. ನೀಲಲೋಹಿತಾತೀತ ಕಿರಣಗಳಿಂದ ಘಾಸಿಗೊಂಡ ಸೂಕ್ಷ್ಮಜೀವಿಗಳು ಸಾಮಾನ್ಯ ಬೆಳಕಿನಲ್ಲಿ ಚೇತರಿಸಿಕೊಳ್ಳುವದನ್ನು ಆಲ್ಬರ್ಟ್ ಕೆಲ್ನರ್ ಕಂಡನು. ಇದು ಫೋಟೊಲೈಯೇಸ್ ಎಂಬ ಕಿಣ್ವದ ಕಾರ್ಯ. ಅದು ಡೈಮರನ್ನು ಸುರುಳಿಯಿಂದ ಹೊರಕ್ಕೆ ತಿರುಗಿಸಿ ತನ್ನ ಕುಳಿಯಲ್ಲಿ ಹಿಡಿಯುವದು. ನೀಲಿ ಬೆಳಕನ್ನು ಹೀರಿ ಒಂದು ಎಲೆಕ್ಟ್ರಾನನ್ನು ಕೊಟ್ಟು ಬೆಸುಗೆಯನ್ನು ಬಿಡಿಸುವದು. ಬಳಿಕ ಆ ಎಲೆಕ್ಟ್ರಾನು ಕಿಣ್ವಕ್ಕೇ ಮರಳುವದು. ಕೆಡಿಸಿದ್ದೂ ಬೆಳಕು, ಸರಿಪಡಿಸಿದ್ದೂ ಬೆಳಕು!

ಮನುಷ್ಯನಲ್ಲಿ ಈ ಕಿಣ್ವವಿಲ್ಲ. ನಮ್ಮ ಜೀವಕೋಶಗಳು ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಯುವವು. ಆದರೆ ಒಂದು ಕೋಶದ ಸುಮಾರು 600 ಕೋಟಿ ಅಕ್ಷರಜೋಡಿಗಳಲ್ಲಿ ಕೆಟ್ಟ ಒಂದು ತಾಣವನ್ನು ಗುರುತಿಸುವದು ಹೇಗೆ? ಎಕ್ಸ್‌ಪಿಸಿ ಎಂಬ ಪ್ರೋಟೀನು ಡೈಮರನ್ನು ನೇರವಾಗಿ ನೋಡುವದಿಲ್ಲ. ಜೋಡಿ ಸಡಿಲಾಗಿ ಸುರುಳಿ ಡೊಂಕಾದ ಎಡೆಯನ್ನು ಕಂಡು, ಎದುರಿನ ಕೆಡದ ಎಳೆಯನ್ನೇ ಅದು ಹಿಡಿಯುವದು. ಥೈಮಿನ್ ಡೈಮರಿನಿಂದಾಗುವ ಡೊಂಕು ಅಲ್ಪವಾದ್ದರಿಂದ ಅಲ್ಲಿ ಇನ್ನೊಂದು ಪ್ರೋಟೀನಿನ ನೆರವು ಬೇಕು. ಆಮೇಲೆ ಟಿಎಫ್‌ಐಐಎಚ್ ಎಂಬ ಸಮೂಹವು ಎಳೆಗಳನ್ನು ಬಿಡಿಸಿ, ಕೇಡು ನಿಜವೇ ಎಂದು ಮತ್ತೊಮ್ಮೆ ಪರೀಕ್ಷಿಸುವದು. ಹೀಗೆ ಎರಡು ಸಲ ಸಾಕ್ಷಿ ದೊರೆತ ಮೇಲೆಯೇ ಕತ್ತರಿ! ಎರಡೂ ಬದಿಗೆ ಕತ್ತರಿಸಿದಾಗ 24ರಿಂದ 32 ನ್ಯೂಕ್ಲಿಯೊಟೈಡುಗಳ ತುಣುಕು ಹೊರಬೀಳುವದು. ಎದುರಿನ ಎಳೆಯನ್ನು ಮಾದರಿಯಾಗಿಟ್ಟುಕೊಂಡು ತೆರವನ್ನು ತುಂಬಿ ಬೆಸೆಯಲಾಗುವದು.

ಈ ವ್ಯವಸ್ಥೆಯ ಬೆಲೆ ಅದು ತಪ್ಪಿದಲ್ಲಿ ತಿಳಿಯುವದು. ಝೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ರೋಗದಲ್ಲಿ ದುರಸ್ತಿ ಕುಂದಿರುವದನ್ನು ಜೇಮ್ಸ್ ಕ್ಲೀವರ್ 1968ರಲ್ಲಿ ತೋರಿಸಿದನು. ಅಂಥ ಮಕ್ಕಳಿಗೆ ಎಳೆವಯಸ್ಸಿನಲ್ಲಿಯೇ ಚರ್ಮದ ಅರ್ಬುದ ಉಂಟಾಗಬಹುದು. ತಂದೆ-ತಾಯಿ ಇಬ್ಬರಿಂದಲೂ ದೋಷವು ಬಂದಾಗ ಮಾತ್ರ ಈ ರೋಗವು ಪ್ರಕಟವಾಗುವದು. ಆದ್ದರಿಂದ ಸೋದರಿಕೆಯ ಮದುವೆಗಳು ರೂಢಿಯಲ್ಲಿರುವ ನಮ್ಮ ಸೀಮೆಯಲ್ಲಿ ಇದನ್ನು ಬಲ್ಲವರು ಹೆಚ್ಚಬೇಕು. ಸ್ವಲ್ಪ ಬಿಸಿಲಿಗೇ ಕೂಸಿನ ಚರ್ಮ ಸುಟ್ಟಂತಾದರೆ, ಇಲ್ಲವೆ ಎರಡು ವರುಷ ತುಂಬುವದರೊಳಗೆ ಮುಖದ ಮೇಲೆ ಕಪ್ಪು ಚುಕ್ಕೆಗಳು ಹಬ್ಬಿದರೆ, ವೈದ್ಯರಿಗೆ ತೋರಿಸಲು ತಡಮಾಡಬಾರದು. ದುರಸ್ತಿ ಇಲ್ಲದವರಿಗೆ ನೆರಳೇ ಮೊದಲ ರಕ್ಷೆ.